ಹಿಂದಿನ ಚಕ್ರ ಗುಂಯ್ ಅನ್ನುತ್ತಿದೆಯಾ? ಆಕ್ಸಲ್ ಬೇರಿಂಗ್ ಗುರುತಿಸಿ ಬದಲಿಸುವ ಬಗೆ

ಕಕ್ಕಡದ (ಜುಲೈ, ಆಗಸ್ಟ್) ಮಳೆಯಲ್ಲಿ ಕೊಡಗಿನ ನಮ್ಮ ನಾಪೋಕ್ಲು ಕಡೆ ಮಳೆ ಶಬ್ದ ಬಿಟ್ಟರೆ ಬೇರೇನೂ ಕಿವಿಗೆ ಬೀಳುವುದಿಲ್ಲ. ಗಾಡಿಯ ಹಿಂದಿನ ಬೇರಿಂಗ್ ಕೆಡುವುದು ಆವಾಗಲೇ. ನಮಗೆ ಅದು ಗೊತ್ತಾಗುವುದು ಮಾತ್ರ ನವೆಂಬರ್, ಡಿಸೆಂಬರ್‌ನಲ್ಲಿ. ಮಳೆ ನಿಂತು ರಸ್ತೆ ಒಣಗಿರುತ್ತದೆ, ಕಾಫಿ ಹಣ್ಣಾಗಿರುತ್ತದೆ, ಗಾಡಿ ದಿನವೂ ಬೇಕಾಗಿರುತ್ತದೆ. ಆಗ ಹಿಂದಿನಿಂದ ಗುಂಯ್ ಅನ್ನುವ ಶಬ್ದ ಶುರುವಾಗುತ್ತದೆ.

ನನ್ನ ಹಳೆ ಜೀಪಿನ ಬಲಗಡೆ ಹಿಂದಿನ ಬೇರಿಂಗ್ ಒಂದೇ ವರ್ಷದಲ್ಲಿ ಎರಡು ಸಲ ಹೋಯಿತು. ಮೊದಲ ಸಲ ಬೇರಿಂಗ್ ಬದಲಿಸಿ, ಕೈ ತೊಳೆದುಕೊಂಡು ಸುಮ್ಮನಾದೆ. ಎರಡನೇ ಸಲ ಆಕ್ಸಲ್ ಹೌಸಿಂಗ್ ಮೇಲಿನ ಬ್ರೀದರ್ (ಗಾಳಿಯಾಡುವ ಸಣ್ಣ ನಳಿಗೆ) ಬಿಚ್ಚಿ ನೋಡಿದೆ. ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಸಂಸಾರ ಮಾಡಿಕೊಂಡಿತ್ತು! ಬೇರಿಂಗನ್ನು ಕೊಂದದ್ದು ಆ ಗೂಡು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಈ ಲೇಖನದಲ್ಲಿ ಬೇರಿಂಗ್ ಬದಲಿಸುವುದು ಎಷ್ಟಿದೆಯೋ, ಅದು ಯಾಕೆ ಹೋಯಿತು ಅಂತ ಹುಡುಕುವುದೂ ಅಷ್ಟೇ ಇದೆ.

ಮೊದಲು ನಿಮ್ಮ ಗಾಡಿ ಯಾವ ಜಾತಿ ಅಂತ ತಿಳಿದುಕೊಳ್ಳಿ. ಜಿಪ್ಸಿ, ಓಮ್ನಿಯಂಥ ಗಾಡಿಗಳಲ್ಲಿ ಇಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಎರಡು ಚಕ್ರಗಳ ನಡುವೆ ಉದ್ದದ ಕಬ್ಬಿಣದ ಹೌಸಿಂಗ್, ಅದರ ಮಧ್ಯೆ ಹಲ್ಲುಚಕ್ರಗಳಿರುವ ಉಬ್ಬಿದ ಕ್ರೌನ್, ಎರಡೂ ಕಡೆಗೆ ಒಂದೊಂದು ಆಕ್ಸಲ್ ಶಾಫ್ಟ್. ಶಾಫ್ಟಿನ ಹೊರತುದಿಯಲ್ಲಿ ಬೇರಿಂಗ್ ಬಿಗಿಯಾಗಿ ಕೂತಿರುತ್ತದೆ. ಮಾರುತಿ 800, ಆಲ್ಟೊ ತರಹದ ಕಾರುಗಳಲ್ಲಿ ಹಿಂದಿನ ಚಕ್ರ ಸುಮ್ನೆ ಉರುಳುತ್ತದೆ ಅಷ್ಟೆ, ಶಾಫ್ಟ್ ಇರುವುದಿಲ್ಲ. ಬೇರಿಂಗ್ ಇರುವುದು ಬ್ರೇಕ್ ಡ್ರಮ್ಮಿನೊಳಗೆ. ಈ ಎರಡನೇ ಜಾತಿಯ ಕೆಲಸ ಸುಲಭ. ಅದನ್ನು ಕೊನೆಯಲ್ಲಿ ಚುಟುಕಾಗಿ ಹೇಳುತ್ತೇನೆ. ಕೈಗೆ ಎಣ್ಣೆ ಮೆತ್ತಿಸುವುದು ಮೊದಲನೆಯದೇ.

ಶಬ್ದ ಎಲ್ಲಿಂದ?

ಹಿಂದಿನಿಂದ ಬರುವ ಶಬ್ದವೆಲ್ಲ ಬೇರಿಂಗಿನದ್ದಲ್ಲ. ಟಯರ್, ಕ್ರೌನ್, ಬ್ರೇಕ್ ಎಲ್ಲವೂ ಕೂಗುತ್ತವೆ. ಬೇರಿಂಗಿನ ಶಬ್ದ ಗಾಡಿಯ ವೇಗದ ಜೊತೆ ಏರುತ್ತದೆ, ಇಂಜಿನ್ನಿನ ವೇಗದ ಜೊತೆಗಲ್ಲ. 50ರಲ್ಲಿ ಹೋಗುವಾಗ ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ ಒಂದೆರಡು ಕ್ಷಣ ಕೇಳಿ. ಇಂಜಿನ್ನಿನ ಸದ್ದು ಇಳಿದರೂ ಗುಂಯ್ ಅನ್ನುವುದು ಹಾಗೇ ಇದ್ದರೆ ಅದು ಚಕ್ರದ ಕಡೆಯದ್ದು. ಇದನ್ನು ನೇರ, ಸಮತಟ್ಟಾದ, ಖಾಲಿ ರಸ್ತೆಯಲ್ಲಿ ಮಾತ್ರ ಮಾಡಿ. ಘಾಟಿ ಇಳಿಯುವಾಗ ನ್ಯೂಟ್ರಲ್ ಬೇಡವೇ ಬೇಡ.

ಅಂಥ ರಸ್ತೆ ಕೊಡಗಿನಲ್ಲಿ ಎಲ್ಲಿದೆ ಅಂತ ಕೇಳಬಹುದು! ನಾನು ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋಗುತ್ತೇನೆ. ಬೈಲಕುಪ್ಪೆ ಕಳೆದ ಮೇಲೆ ಕಿವಿಗೆ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ.

ಟಯರಿನ ಶಬ್ದ ರಸ್ತೆ ಬದಲಾದಂತೆ ಬದಲಾಗುತ್ತದೆ. ಒರಟು ಡಾಂಬರಿನಿಂದ ನುಣುಪು ಕಾಂಕ್ರೀಟಿಗೆ ಬಂದ ಕೂಡಲೇ ಸ್ವರ ಬೇರೆಯಾದರೆ ಟಯರನ್ನು ಸಂಶಯಿಸಿ. ದಪ್ಪ ಹಲ್ಲಿನ ಮಣ್ಣುರಸ್ತೆ ಟಯರ್ ಹಾಕಿಸಿದವರು ಇಲ್ಲಿ ಜಾಸ್ತಿ ಮೋಸ ಹೋಗುತ್ತಾರೆ. ಸಂಶಯ ಬಂದರೆ ಮುಂದಿನ ಟಯರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಓಡಿಸಿ. ಶಬ್ದವೂ ಜಾಗ ಬದಲಿಸಿದರೆ ನಿಮ್ಮ ದುಡ್ಡು ಉಳಿಯಿತು. ಕ್ರೌನ್ ಶಬ್ದ ಇನ್ನೊಂದು ಬಗೆ. ಆಕ್ಸಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಬೇರಿಂಗಿಗೆ ಆ ವ್ಯತ್ಯಾಸ ಅಷ್ಟಾಗಿ ಇರುವುದಿಲ್ಲ.

ಎಡವೋ ಬಲವೋ ಅಂತ ಹೇಳಿಕೊಡುವುದು ನಮ್ಮ ತಿರುವುಗಳೇ. ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಗುಂಯ್ ಜೋರಾಗಿ, ಬಲಕ್ಕೆ ತಿರುಗುವಾಗ ಕಡಿಮೆಯಾದರೆ ಬಲಗಡೆ ಬೇರಿಂಗ್ ಮೇಲೆ ಕಣ್ಣಿಡಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯಲ್ಲಿ ಈ ಪರೀಕ್ಷೆ ತಾನಾಗಿಯೇ ಆಗಿಬಿಡುತ್ತದೆ. ಕಿಟಕಿ ಇಳಿಸಿ, ಹಾಡು ಆರಿಸಿ, ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ. ಇದೂ ಹತ್ತಕ್ಕೆ ಹತ್ತು ನಿಜವಾಗುವುದಿಲ್ಲ. ಹಾಗಾಗಿ ಗಾಡಿ ಎತ್ತಿ ನೋಡದೆ ತೀರ್ಮಾನ ಮಾಡಬೇಡಿ.

ಬಿಸಿ ನೋಡುವುದೂ ಒಂದು ದಾರಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎರಡೂ ಹಿಂದಿನ ಚಕ್ರದ ನಡುಭಾಗವನ್ನು ಕೈ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ. ಒಂದು ಕಡೆ ಸುಡುವ ಹಾಗಿದ್ದರೆ ಅಲ್ಲಿ ಏನೋ ಇದೆ. ಆದರೆ ಘಾಟಿ ಇಳಿದ ಕೂಡಲೇ ಮುಟ್ಟಬೇಡಿ. ಬ್ರೇಕ್ ಹಿಡಿದು ಹಿಡಿದು ಡ್ರಮ್ ಎರಡೂ ಕಡೆ ಕಾದಿರುತ್ತದೆ. ಬೆರಳೂ ಸುಡುತ್ತದೆ, ಉತ್ತರವೂ ಸಿಗುವುದಿಲ್ಲ.

ಎತ್ತಿ ನೋಡುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ತೋಟದ ಮನೆಗಳಲ್ಲಿ ಅಂಥ ಜಾಗ ಒಂದೇ, ಕಾಫಿ ಒಣಗಿಸುವ ಸಿಮೆಂಟ್ ಕಣ. ಕೊಯ್ಲು ಮುಗಿದು ಕಣ ಖಾಲಿಯಾಗಿ ಮಳೆಗಾಲ ಇನ್ನೂ ಶುರುವಾಗದ ಏಪ್ರಿಲ್, ಮೇ ತಿಂಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಡಿಗೆ ಹಳೆ ಟಾರ್ಪಾಲ್ ಹಾಸಿ. ಗೇರ್ ಆಯಿಲ್ ಒಂದು ಸಲ ಸಿಮೆಂಟಿಗೆ ಇಳಿದರೆ ವಾಸನೆ ಹೋಗುವುದಿಲ್ಲ, ಕಾಫಿ ಆ ವಾಸನೆಯನ್ನು ಹೀರಿಕೊಳ್ಳುತ್ತದೆ. ಮನೆಯಲ್ಲಿ ಆಗುವ ರಾಮಾಯಣ ಬೇರೆ.

ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡ್ರಮ್ ತೆಗೆಯಲು ಹ್ಯಾಂಡ್ ಬ್ರೇಕ್ ಬಿಡಲೇಬೇಕು. ಗೇರಿನಲ್ಲಿ ಇಟ್ಟರೂ, ಹಿಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಆ ಚಕ್ರ ತಿರುಗಿ ಇನ್ನೊಂದನ್ನು ಉರುಳಲು ಬಿಡುತ್ತದೆ. ಅಂದರೆ ಗಾಡಿಯನ್ನು ಹಿಡಿದಿರುವುದು ಆ ದಿಮ್ಮಿಗಳು ಮಾತ್ರ. ಜಾಕಿಯನ್ನು ಹೌಸಿಂಗ್ ಕೊಳವೆಯ ಕೆಳಗೆ ಕೊಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬೇಡಿ. ಕಲ್ಲು, ಇಟ್ಟಿಗೆ ಸ್ಟ್ಯಾಂಡ್ ಅಲ್ಲ.

ಗೇರ್ ನ್ಯೂಟ್ರಲ್. ಈಗ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಲಟಕ್ ಅಂತ ಆಟ (ಸಡಿಲ) ಸಿಕ್ಕರೆ, ಮೊದಲು ವೀಲ್ ನಟ್ ಬಿಗಿ ಇದೆಯಾ ನೋಡಿ. ನಟ್ ಬಿಗಿ ಇದ್ದೂ ಆಟ ಇದ್ದರೆ ಬೇರಿಂಗ್ ಸವೆದಿದೆ. ಆಮೇಲೆ ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸುತ್ತಾ ಇನ್ನೊಂದು ಕೈಯನ್ನು ಹೌಸಿಂಗಿನ ತುದಿಯ ಮೇಲೆ ಇಡಿ. ಒಳ್ಳೆ ಬೇರಿಂಗ್ ಇದ್ದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಸವೆದ ಬೇರಿಂಗ್ ಆದರೆ ಮರಳು ಅರೆದ ಹಾಗೆ ಜುಮ್ಮೆನ್ನುತ್ತದೆ. ಎರಡೂ ಕಡೆ ಹೋಲಿಸಿ. ಇಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚಕ್ರ ತಿರುಗಿಸಿ ನೋಡುವವರಿದ್ದಾರೆ. ಒಂದು ಚಕ್ರ ನೆಲದಲ್ಲಿರುವಾಗ ಅದು ಆತ್ಮಹತ್ಯೆಗೆ ಸಮ.

ಚಕ್ರದ ಒಳಬದಿ, ಡ್ರಮ್ಮಿನ ಅಂಚು ಕೂಡ ನೋಡಿ. ಕಪ್ಪು ಎಣ್ಣೆ ಒಸರಿ ಧೂಳು ಅಂಟಿಕೊಂಡಿದ್ದರೆ ಆಯಿಲ್ ಸೀಲ್ (ಎಣ್ಣೆ ಹೊರಗೆ ಬರದ ಹಾಗೆ ತಡೆಯುವ ರಬ್ಬರ್ ಬಳೆ) ಹೋಗಿದೆ. ಬೇರಿಂಗ್ ಅಲ್ಲಾಡಿದರೆ ಸೀಲ್ ಕೆಡುತ್ತದೆ, ಸೀಲ್ ಕೆಟ್ಟರೆ ಎಣ್ಣೆ ಬ್ರೇಕ್ ಶೂ ಮೇಲೆ ಬರುತ್ತದೆ. ಆ ಕಡೆ ಬ್ರೇಕ್ ಹಿಡಿಯುವುದಿಲ್ಲ. ಘಾಟಿ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಇನ್ನೊಂದು ಮಾತು. ಈ ಬಗೆಯ ಆಕ್ಸಲ್‌ನಲ್ಲಿ ಶಾಫ್ಟ್ ಹೊರಗೆ ಜಾರದ ಹಾಗೆ ಹಿಡಿದಿರುವುದು ಬೇರಿಂಗ್ ಮತ್ತು ಅದರ ಹಿಂದಿನ ಕಾಲರ್ (ಶಾಫ್ಟಿಗೆ ಬಿಗಿದ ಉಕ್ಕಿನ ಬಳೆ) ಮಾತ್ರ. ಬೇರಿಂಗ್ ಪೂರ್ತಿ ಒಡೆದರೆ ಚಕ್ರ, ಡ್ರಮ್, ಶಾಫ್ಟ್ ಮೂರೂ ಒಟ್ಟಿಗೆ ಹೊರಗೆ ಬರಬಹುದು. ಬರೀ ಶಬ್ದ ಇದ್ದಾಗ ಒಂದೆರಡು ದಿನ ಜೋಪಾನವಾಗಿ ಓಡಿಸಬಹುದು. ಆಟ ಬಂದ ಮೇಲೆ ಗಾಡಿ ಕಣದಿಂದ ಹೊರಗೆ ಹೋಗಬಾರದು.

ಕುಂಬಾರ ಹುಳದ ಕತೆ

ಬಿಚ್ಚುವ ಮೊದಲು ಕಾರಣ ಹುಡುಕಿ. ಓಡಿ ಓಡಿ ಕ್ರೌನ್ ಮತ್ತು ಹೌಸಿಂಗ್ ಬಿಸಿಯಾಗುತ್ತವೆ. ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗಲಿ ಅಂತ ಹೌಸಿಂಗ್ ಮೇಲೆ ಸಣ್ಣ ಬ್ರೀದರ್ ಇಟ್ಟಿರುತ್ತಾರೆ. ಅದು ಕಟ್ಟಿಕೊಂಡರೆ ಬಿಸಿ ಗಾಳಿ ಸೀಲನ್ನು ನೂಕಿ ಎಣ್ಣೆ ಸಮೇತ ಹೊರಗೆ ಬರುತ್ತದೆ. ಅದೇ ಬಿಸಿ ಹೌಸಿಂಗನ್ನು ತಣ್ಣನೆ ತೋಡಿಗೆ (ಸಣ್ಣ ಹಳ್ಳಕ್ಕೆ) ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರಿನಿಂದ ಗಾಳಿ ಸಿಗದಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ನೀರು, ಸಣ್ಣ ಮರಳು ಬೇರಿಂಗಿಗೆ ಸೇರಿದ ಮೇಲೆ ಅದಕ್ಕೆ ಆಯಸ್ಸು ಎಷ್ಟು ಹೇಳಿ.

ಮಳೆಗಾಲದಲ್ಲಿ ಭಾಗಮಂಡಲ ನಾಪೋಕ್ಲು ರಸ್ತೆ ಮೇಲೆ ನೀರು ಬರುವುದು ನಮಗೆ ಹೊಸತಲ್ಲ. ಗದ್ದೆ ಬದಿಯ ತೋಡು ದಾಟದೆ ತೋಟಕ್ಕೆ ಹೋಗುವ ದಾರಿಯೇ ಎಷ್ಟೋ ಕಡೆ ಇಲ್ಲ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳಿಗೆ ಕಲ್ಲು, ಕೆಸರು, ಗುಂಡಿ ಮೂರೂ ದಿನದ ಊಟ. ನೀರು ದಾಟುವ ಮುಂಚೆ ಐದು ಹತ್ತು ನಿಮಿಷ ಗಾಡಿ ನಿಲ್ಲಿಸಿ ಆರಲು ಬಿಡಿ ಅಂತ ಹೇಳುವುದು ಸುಲಭ, ಮಳೆಯಲ್ಲಿ ಮನೆ ಸೇರುವ ಅವಸರದಲ್ಲಿ ಯಾರೂ ಬಿಡುವುದಿಲ್ಲ. ನಾನೂ ಬಿಡುವುದಿಲ್ಲ. ಅದರ ಬದಲು ಬ್ರೀದರಿಗೆ ಎಣ್ಣೆ ತಡೆಯುವ ರಬ್ಬರ್ ಪೈಪ್ ಸಿಕ್ಕಿಸಿ, ಚಾಸಿಗೆ ಕಟ್ಟಿ, ನೀರು ಮುಟ್ಟದ ಎತ್ತರಕ್ಕೆ ಒಯ್ಯಿರಿ. ಚಕ್ರ ಮೇಲೆ ಕೆಳಗೆ ಆಡುವಾಗ ಎಳೆಯದಷ್ಟು ಉದ್ದ ಇರಲಿ. ತುದಿಯನ್ನು ಕೆಳಮುಖವಾಗಿ ಬಗ್ಗಿಸಿ. ಸಣ್ಣ ಬಲೆ ಕಟ್ಟಿದರೆ ಹುಳವೂ ಒಳಗೆ ಹೋಗುವುದಿಲ್ಲ.

ಉಳಿದ ಕಾರಣಗಳು ಎರಡು. ಒಂದು, ಭಾರ. 50 ಕಿಲೋದ ಕಾಫಿ ಮೂಟೆ ಹತ್ತು ಹೇರುವ ಕಡೆ ಹದಿನೈದು ಹೇರಿ ಗುಂಡಿ ರಸ್ತೆಯಲ್ಲಿ ಓಡಿಸಿದರೆ ಹಿಂದಿನ ಬೇರಿಂಗೇ ಲೆಕ್ಕ ಕೊಡಬೇಕು. ಎರಡು, ಆಯುಧಪೂಜೆಯ ಸ್ನಾನ. ಜೋರು ಒತ್ತಡದ ನೀರನ್ನು ಚಕ್ರದ ನಡುವಿಗೆ, ಡ್ರಮ್ಮಿನ ಹಿಂಬದಿಗೆ ಹೊಡೆಸಬೇಡಿ. ಸೀಲ್ ಇರುವುದು ಚಿಮ್ಮುವ ಕೆಸರನ್ನು ತಡೆಯಲು, ಪಂಪಿನ ನೀರನ್ನಲ್ಲ.

ಸಾಮಾನು ತರುವುದು

ಬೇರಿಂಗ್, ಕಾಲರ್, ಆಯಿಲ್ ಸೀಲ್, ಗೇರ್ ಆಯಿಲ್, ಸ್ವಲ್ಪ ಬ್ರೇಕ್ ಆಯಿಲ್, ಸೀಲೆಂಟ್. ಶೂಗಳಿಗೆ ಎಣ್ಣೆ ತಾಗಿದ್ದರೆ ಎರಡೂ ಕಡೆಯ ಬ್ರೇಕ್ ಶೂ ಸೆಟ್. ಎಣ್ಣೆ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದ ಉಜ್ಜಿ ಹಾಕುವ ಉಳಿತಾಯ ಬೇಡ. ಬಿಸಿಯಾದಾಗ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಬೇರಿಂಗಿನ ಮೈಮೇಲೆ ನಂಬರ್ ಕೆತ್ತಿರುತ್ತದೆ. ಅದನ್ನು ಓದಲು ಕಲಿತರೆ ಅಂಗಡಿಯಲ್ಲಿ ಯಾಮಾರುವುದಿಲ್ಲ. ಮಾಮೂಲಿ ಗುಂಡಿನ ಬೇರಿಂಗ್‌ಗಳಲ್ಲಿ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 6206 ಅಂದರೆ 30 ಮಿ.ಮೀ., 6207 ಅಂದರೆ 35 ಮಿ.ಮೀ. (04ರಿಂದ ಮೇಲಿನ ಅಂಕಿಗಳಿಗೆ ಮಾತ್ರ ಈ ಲೆಕ್ಕ.) 6206 ಮತ್ತು 6306 ಎರಡರ ಒಳತೂತೂ 30 ಮಿ.ಮೀ. ಆದರೆ ಮೊದಲನೆಯದರ ಹೊರ ಅಳತೆ 62, ಅಗಲ 16. ಎರಡನೆಯದು 72 ಮತ್ತು 19. ಶಾಫ್ಟಿಗೆ ಸಲೀಸಾಗಿ ಹೋಯಿತು ಅಂತ ತಂದರೆ ಹೌಸಿಂಗ್‌ಗೆ ಹೋಗದೆ ಕೂರುತ್ತದೆ. ನಂಬರಿನ ಹಿಂದಿನ ಅಕ್ಷರಗಳನ್ನೂ ಬರೆದುಕೊಳ್ಳಿ. 2ಆರ್‌ಎಸ್ ಅಂದರೆ ಎರಡೂ ಬದಿ ರಬ್ಬರ್ ಮುಚ್ಚಳ, ಝಡ್‌ಝಡ್ ಅಂದರೆ ತಗಡಿನ ಮುಚ್ಚಳ, ಸಿ3 ಅಂದರೆ ಒಳಗೆ ತುಸು ಜಾಸ್ತಿ ಸಡಿಲ. ಹಳೆಯದರಲ್ಲಿ ಏನಿತ್ತೋ ಅದನ್ನೇ ಕೇಳಿ. ಹೆಸರಾಂತ ಕಂಪನಿಗಳ ಡಬ್ಬಿಯಲ್ಲಿ ನಕಲಿ ಬೇರಿಂಗ್ ಬರುವುದುಂಟು. ಬೆಲೆ ತೀರಾ ಕಡಿಮೆ, ಅಕ್ಷರ ಮಸುಕು ಅಂದರೆ ವಾಪಸ್ ಕೊಡಿ.

ಡ್ರಮ್, ಆಮೇಲೆ ಶಾಫ್ಟ್

ಗಾಡಿ ನೆಲದಲ್ಲಿರುವಾಗಲೇ ವೀಲ್ ನಟ್ ಸಡಿಲಿಸಿ. ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಕ್ರೌನಿನ ಎಣ್ಣೆ ಇಳಿಸಿ. ಇಳಿಸುವ ಮುಂಚೆ ಮೇಲಿನ, ಎಣ್ಣೆ ತುಂಬುವ ಪ್ಲಗ್ ಬಿಚ್ಚಲು ಬರುತ್ತದಾ ಅಂತ ನೋಡಿ. ಅದು ತುಕ್ಕು ಹಿಡಿದು ಅಲ್ಲಾಡದಿದ್ದರೆ, ಎಣ್ಣೆ ಇಳಿಸಿದ ಮೇಲೆ ತುಂಬಲು ದಾರಿಯಿಲ್ಲದೆ ಗಾಡಿ ಅಲ್ಲೇ ಉಳಿಯುತ್ತದೆ. ಇಳಿದ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ದರೆ ನೀರು ಸೇರಿದೆ. ಕಬ್ಬಿಣದ ಚೂರು ಕಂಡರೆ ತೊಂದರೆ ಬೇರಿಂಗಿನಾಚೆಗೂ ಹೋಗಿದೆ ಅಂತ ತಿಳಿದು ಕ್ರೌನ್ ಬಿಚ್ಚಿಸಿ.

ಹ್ಯಾಂಡ್ ಬ್ರೇಕ್ ಬಿಡಿ. ಡ್ರಮ್ ಬರದಿದ್ದರೆ ಅಂಚಿಗೆ ಸುತ್ತಿಗೆಯಲ್ಲಿ ಬಡಿಯಬೇಡಿ, ಬೀಡು ಒಡೆಯುತ್ತದೆ. ಜಿಪ್ಸಿ, ಓಮ್ನಿಯ ಡ್ರಮ್ಮಿನ ಮುಖದಲ್ಲಿ ಒಳಗೆ ತಿರುಪು (ತ್ರೆಡ್) ಇರುವ ಎರಡು ತೂತುಗಳಿವೆ. ಅವಕ್ಕೆ 8 ಮಿ.ಮೀ. ಬೋಲ್ಟ್ ಹಾಕಿ, ಒಂದು ಸುತ್ತು ಇದು, ಒಂದು ಸುತ್ತು ಅದು ಅಂತ ಬಿಗಿಸಿದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ಒಳಗಿನ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ. ಹಳೆ ಶೂಗಳಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಶೂ ಮತ್ತು ಸ್ಪ್ರಿಂಗ್ ತೆಗೆಯುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಡಿ. ಒಂದು ಕಡೆಯದ್ದನ್ನು ಮುಗಿಸದೆ ಇನ್ನೊಂದು ಕಡೆ ಬಿಚ್ಚಬೇಡಿ. ಮರೆತರೆ ನೋಡಿಕೊಳ್ಳಲು ಅದು ಇರಲಿ. ಹ್ಯಾಂಡ್ ಬ್ರೇಕ್ ಕೇಬಲ್ ಬಿಡಿಸಿ. ವೀಲ್ ಸಿಲಿಂಡರಿನ ಬ್ರೇಕ್ ಪೈಪ್ ಬಿಚ್ಚಿ, ತುದಿಗೆ ರಬ್ಬರ್ ಮುಚ್ಚಳ ಹಾಕಿ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಶೂಗಳು ಕೂರುವ ತಗಡಿನ ತಟ್ಟೆಯನ್ನು, ಅಂದರೆ ಬ್ಯಾಕ್ ಪ್ಲೇಟನ್ನು, ಹೌಸಿಂಗ್‌ಗೆ ಹಿಡಿದಿರುವ ನಾಲ್ಕು ನಟ್ ತೆಗೆಯಿರಿ.

ಈಗ ಶಾಫ್ಟ್ ಎಳೆಯಬೇಕು. ಸ್ಲೈಡ್ ಹ್ಯಾಮರ್ (ಸರಳಿನ ಮೇಲೆ ಜಾರಿ ಬಡಿಯುವ ಸುತ್ತಿಗೆ) ಇದ್ದರೆ ಎರಡು ಏಟಿಗೆ ಬರುತ್ತದೆ. ಇಲ್ಲದವರಿಗೆ ಹಳೆ ಉಪಾಯವೊಂದಿದೆ. ಡ್ರಮ್ಮನ್ನು ತಿರುವುಮುರುವಾಗಿ ಸ್ಟಡ್‌ಗಳಿಗೆ ಏರಿಸಿ, ವೀಲ್ ನಟ್‌ಗಳನ್ನು ತುದಿಯಲ್ಲಿ ಕೆಲವೇ ಸುತ್ತು ಹಾಕಿ ನಡುವೆ ಸಡಿಲ ಬಿಡಿ. ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಜೋರಾಗಿ ಎಳೆದು ನಟ್‌ಗೆ ಬಡಿಸಿ. ನಾಲ್ಕಾರು ಏಟಿಗೆ ಶಾಫ್ಟ್ ಸಡಿಲವಾಗುತ್ತದೆ. ಎಳೆಯುವಾಗ ಹಿಂದೆ ಗಾಡಿ ಸ್ಟ್ಯಾಂಡಿನಿಂದ ಜಾರದ ಹಾಗೆ ನೋಡಿಕೊಳ್ಳಿ. ಬ್ಯಾಕ್ ಪ್ಲೇಟ್ ಸಮೇತ ಶಾಫ್ಟ್ ನೇರವಾಗಿ ಹೊರಗೆ ಬರಬೇಕು.

ಕೆಲವು ಹಳೆ ಜೀಪುಗಳಲ್ಲಿ ಹಬ್ ಚೂಪು ಶಾಫ್ಟಿಗೆ ಕೀಲಿ ಹಾಕಿ ಕೂರಿಸಿರುತ್ತಾರೆ. ಒಳಗೆ ಟೇಪರ್ ಬೇರಿಂಗ್, ಆಟ ಹೊಂದಿಸಲು ತೆಳು ತಗಡಿನ ಬಿಲ್ಲೆಗಳು (ಶಿಮ್). ಅದಕ್ಕೆ ದೊಡ್ಡ ಪುಲ್ಲರ್ ಮತ್ತು ಡಯಲ್ ಗೇಜ್ ಬೇಕು. ನಿಮ್ಮದು ಅಂಥದ್ದಾದರೆ ಇಲ್ಲಿಗೆ ನಿಲ್ಲಿಸಿ, ಬಲ್ಲ ಮೆಕ್ಯಾನಿಕ್ ಹತ್ತಿರ ಹೋಗಿ.

ಕಾಲರ್ ಒಡೆಯುವುದು, ಬೇರಿಂಗ್ ಕೂರಿಸುವುದು

ಇದು ಕೆಲಸದ ಹೃದಯ. ಕಾಲರ್ ಶಾಫ್ಟ್ ಮೇಲೆ ಎಷ್ಟು ಬಿಗಿಯಾಗಿರುತ್ತದೆ ಅಂದರೆ ಎಳೆದರೆ ಬರುವುದಿಲ್ಲ, ಒಡೆದೇ ತೆಗೆಯಬೇಕು. ಕಣ್ಣಿಗೆ ಕನ್ನಡಕ ಹಾಕಿ. ಗ್ರೈಂಡರಿನಿಂದ ಕಾಲರಿನ ಒಂದು ಜಾಗವನ್ನು ತೆಳುವಾಗುವವರೆಗೆ ಸವೆಸಿ. ಶಾಫ್ಟ್ ಮುಟ್ಟುವ ಮೊದಲೇ ನಿಲ್ಲಿಸಿ. ಆ ಗೀರಿಗೆ ಉಳಿ ಇಟ್ಟು ಸುತ್ತಿಗೆಯಿಂದ ಒಂದು ಗಟ್ಟಿ ಏಟು. ಟಣ್ ಅಂತ ಬಿರಿಯುತ್ತದೆ, ಆಮೇಲೆ ಕೈಯಲ್ಲೇ ಬರುತ್ತದೆ. ಗ್ರೈಂಡರ್ ಶಾಫ್ಟಿಗೆ ತಾಗಿ ಗಾಯವಾದರೆ ಮುಂದೊಂದು ದಿನ ಅಲ್ಲೇ ಶಾಫ್ಟ್ ತುಂಡಾಗುತ್ತದೆ.

ಬೇರಿಂಗ್ ತೆಗೆಯಲು ಮತ್ತು ಹೊಸತು ಹಾಕಲು ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸಿಗೆ ಹೋಗಿ ಅನ್ನುವುದು ನನ್ನ ಸಲಹೆ. ಪೈಪ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಕೂರಿಸುವವರಿದ್ದಾರೆ. ಕೂರುತ್ತದೆ ನಿಜ. ಆದರೆ ಏಟು ಗುಂಡುಗಳ ಮೂಲಕ ಹೋದರೆ ಓಟದ ದಾರಿಯಲ್ಲಿ ಸಣ್ಣ ಕುಳಿ ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಹಾಡಲು ಶುರು ಮಾಡುತ್ತದೆ. ನಿಯಮ ಒಂದೇ. ಯಾವ ಉಂಗುರ ಬಿಗಿಯಾಗಿ ಕೂರಬೇಕೋ ಅದನ್ನೇ ಒತ್ತಬೇಕು. ಇಲ್ಲಿ ಶಾಫ್ಟ್ ಮೇಲೆ ಬಿಗಿ ಇರುವುದು ಒಳ ಉಂಗುರ. ಗ್ಯಾಸ್ ಬೆಂಕಿಯಲ್ಲಿ ಬೇರಿಂಗ್ ಕಾಯಿಸುವುದಂತೂ ಬೇಡ, ಗ್ರೀಸ್ ಸುಟ್ಟು ಉಕ್ಕಿನ ಗಟ್ಟಿತನ ಹೋಗುತ್ತದೆ.

ಪ್ರೆಸ್ಸಿಗೆ ಇಡುವ ಮೊದಲು ಶಾಫ್ಟ್ ಒರೆಸಿ ನೋಡಿ. ಸೀಲ್ ತಾಗುವ ಜಾಗದಲ್ಲಿ ಉಗುರಿಗೆ ಸಿಗುವ ಗೆರೆ ಬಿದ್ದಿದ್ದರೆ ಹೊಸ ಸೀಲ್ ಕೂಡ ಸೋರುತ್ತದೆ. ಬೇರಿಂಗ್ ಕೂರುವ ಜಾಗ ನೀಲಿಗಟ್ಟಿ ಸವೆದು ಹೊಸ ಬೇರಿಂಗ್ ಕೈಯಲ್ಲೇ ಜಾರಿ ಹೋಗುತ್ತಿದ್ದರೆ ಆ ಶಾಫ್ಟ್ ಗುಜರಿಗೆ. ಸೊಟ್ಟಗಾಗಿದೆಯಾ ಅಂತ ಲೇತಿನವರು ಎರಡು ನಿಮಿಷದಲ್ಲಿ ತಿರುಗಿಸಿ ತೋರಿಸುತ್ತಾರೆ.

ಈಗ ನನ್ನ ಮಾನ ಹೋದ ಕತೆ. ಮೊದಲ ಸಲ ಲೇತ್ ಅಂಗಡಿಗೆ ಶಾಫ್ಟ್ ಹಿಡಿದುಕೊಂಡು ಹೋದೆ. ಬೇರಿಂಗ್ ಒತ್ತಿದರು, ಕಾಲರ್ ಒತ್ತಿದರು, ದುಡ್ಡು ಕೊಟ್ಟೆ. ಹೊರಡುವಾಗ ಅಲ್ಲಿನ ಹುಡುಗ ಕೇಳಿದ, "ಅಣ್ಣ, ಈ ಪ್ಲೇಟ್ ಯಾವುದರದ್ದು?" ಬೆಂಚಿನ ಮೇಲೆ ನನ್ನ ಬ್ಯಾಕ್ ಪ್ಲೇಟ್ ನಗುತ್ತಾ ಕೂತಿತ್ತು. ಅದು ಇರಬೇಕಾದದ್ದು ಶಾಫ್ಟಿನ ಅಗಲ ತಟ್ಟೆ ಮತ್ತು ಬೇರಿಂಗ್ ನಡುವೆ. ಬೇರಿಂಗ್ ಕೂತ ಮೇಲೆ ಯಾವ ಕಡೆಯಿಂದಲೂ ಒಳಗೆ ಹೋಗುವುದಿಲ್ಲ. ಹೊಸ ಕಾಲರ್ ಮತ್ತೆ ಒಡೆಯಬೇಕಾಯಿತು, ಹೊಸ ಬೇರಿಂಗೂ ಹಾಳಾಯಿತು. ಹಾಗಾಗಿ ಸಾಲು ಇದು, ಗೋಡೆ ಮೇಲೆ ಬರೆದಿಟ್ಟುಕೊಳ್ಳಿ: ಮೊದಲು ಬ್ಯಾಕ್ ಪ್ಲೇಟ್, ಆಮೇಲೆ ಬೇರಿಂಗ್, ಕೊನೆಗೆ ಕಾಲರ್. ಬೇರಿಂಗಿನ ಒಂದೇ ಬದಿಗೆ ಮುಚ್ಚಳ ಇದ್ದರೆ ಹಳೆಯದು ಯಾವ ಮುಖ ಮಾಡಿತ್ತೋ ಅದೇ ಮುಖ. ಕಾಲರ್ ಯಾವತ್ತೂ ಹೊಸತೇ ಇರಬೇಕು, ಮತ್ತು ಬೇರಿಂಗಿಗೆ ಅಂಟಿ ಕೂರುವವರೆಗೆ ಒತ್ತಬೇಕು. ನಡುವೆ ಸಂದು ಉಳಿಯಬಾರದು.

ಸೀಲ್, ಮತ್ತೆ ಜೋಡಣೆ

ಹಳೆ ಸೀಲ್ ತೆಗೆಯುವ ಮೊದಲು ಅದು ಎಷ್ಟು ಆಳದಲ್ಲಿದೆ ಅಂತ ಅಳೆದುಕೊಳ್ಳಿ. ಮೀಟಿ ತೆಗೆಯುವಾಗ ಹೌಸಿಂಗಿನ ಒಳಮೈ ಗೀರದಿರಲಿ. ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಒಳಕ್ಕೆ. ಸೀಲಿನ ತುಟಿಗೆ, ಅಂದರೆ ಒಳ ಅಂಚಿಗೆ, ತೆಳುವಾಗಿ ಗ್ರೀಸ್ ಹಚ್ಚಿ. ಸರಿ ಅಳತೆಯ ಸಾಕೆಟ್ ಅಥವಾ ಚಪ್ಪಟೆ ಮರದ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿ. ಓರೆಯಾಗಿ ಕೂತ ಸೀಲ್ ಸೋರದೆ ಇರುವುದಿಲ್ಲ.

ಹೌಸಿಂಗ್ ತುದಿ ಒರೆಸಿ ತೆಳುವಾಗಿ ಸೀಲೆಂಟ್ ಹಚ್ಚಿ. ಶಾಫ್ಟನ್ನು ತೂರಿಸುವಾಗ ಅದರ ತೂಕ ಸೀಲಿನ ಮೇಲೆ ಬೀಳಬಾರದು. ಒಳತುದಿಯ ಹಲ್ಲುಗಳು ಸೀಲಿನ ತುಟಿ ಕತ್ತರಿಸುವುದು ಇಲ್ಲೇ. ಒಬ್ಬರು ಶಾಫ್ಟ್ ಎತ್ತಿ ಹಿಡಿದು, ಇನ್ನೊಬ್ಬರು ಮೆಲ್ಲಗೆ ನೂಕಿದರೆ ಒಳ್ಳೆಯದು. ಕ್ರೌನಿಗೆ ತಾಗಿದಾಗ ಸ್ವಲ್ಪ ತಿರುಗಿಸಿದರೆ ಹಲ್ಲು ಹಲ್ಲಿಗೆ ಕೂಡುತ್ತದೆ. ಬಲವಂತ ಬೇಡ. ಬೇರಿಂಗ್ ಹೌಸಿಂಗಿನೊಳಗೆ ಹೋಗುವಷ್ಟು ತಟ್ಟಿ, ನಾಲ್ಕು ನಟ್‌ಗಳನ್ನು ಎದುರು ಬದುರಾಗಿ ಸಮನಾಗಿ ಎಳೆಯಿರಿ. ಬಿಗಿತದ ಅಳತೆ ನಿಮ್ಮ ಗಾಡಿಯ ಕೈಪಿಡಿಯಲ್ಲಿರುತ್ತದೆ, ಟಾರ್ಕ್ ಸ್ಪ್ಯಾನರ್ ಬಳಸಿ.

ಶೂ, ಸ್ಪ್ರಿಂಗ್, ಕೇಬಲ್, ಪೈಪ್ ಎಲ್ಲ ಫೋಟೊ ನೋಡಿ ಜೋಡಿಸಿ. ಪೈಪ್ ಬಿಚ್ಚಿದ್ದರಿಂದ ಬ್ರೇಕಿನ ಗಾಳಿ ತೆಗೆಯಲೇಬೇಕು. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಸಿಗುವವರೆಗೆ ಗಾಡಿ ಅಲ್ಲಾಡಿಸಬೇಡಿ. ಗಾಡಿ ಸಮತಟ್ಟಾಗಿ ಇಳಿಸಿ, 80ಡಬ್ಲ್ಯು-90 ಗೇರ್ ಆಯಿಲನ್ನು ತುಂಬುವ ತೂತಿನ ಕೆಳ ಅಂಚಿನಿಂದ ಹೊರಗೆ ತೊಟ್ಟಿಕ್ಕುವವರೆಗೆ ಹಾಕಿ. ಒಂದು ಕಡೆ ಎತ್ತಿಟ್ಟುಕೊಂಡೇ ತುಂಬಿದರೆ ಮಟ್ಟ ತಪ್ಪುತ್ತದೆ. ಹೊಸಬರಿಗೆ ಒಂದು ಕಡೆಗೆ ಒಂದಿಡೀ ದಿನ ಬೇಕು. ಮಧ್ಯಾಹ್ನ ಊಟಕ್ಕೆ ಎದ್ದು ಹೋಗುವಾಗ ಹೌಸಿಂಗಿನ ಬಾಯಿಗೆ ಬಟ್ಟೆ ತುರುಕಿ. ವಾಪಸ್ ಬಂದ ಮೇಲೆ ಅದನ್ನು ತೆಗೆಯುವುದನ್ನೂ ಮರೆಯಬೇಡಿ.

800, ಆಲ್ಟೊ ಇದ್ದವರಿಗೆ

ನಡುವಿನ ತಗಡಿನ ಟೊಪ್ಪಿ ತೆಗೆದರೆ ದೊಡ್ಡ ನಟ್ ಕಾಣುತ್ತದೆ. ಅದನ್ನು ಕಾಟರ್ ಪಿನ್ ಹಾಕಿಯೋ, ಅಂಚು ಚಪ್ಪಟೆ ಬಡಿದೋ ಲಾಕ್ ಮಾಡಿರುತ್ತಾರೆ. ನಟ್ ಬಿಚ್ಚಿದರೆ ಡ್ರಮ್ ಬೇರಿಂಗ್ ಸಮೇತ ಬರುತ್ತದೆ. ಒಳಗೆ ಎರಡು ಬೇರಿಂಗ್, ನಡುವೆ ಒಂದು ಸ್ಪೇಸರ್. ಕಬ್ಬಿಣದ ಸರಳಿನಿಂದ ಸುತ್ತ ಸುತ್ತ ತಟ್ಟಿ ಹೊರಡಿಸಿ. ಹೊಸತನ್ನು ಕೂರಿಸುವಾಗ ಇಲ್ಲಿ ಒತ್ತಬೇಕಾದದ್ದು ಹೊರ ಉಂಗುರವನ್ನು, ಯಾಕೆಂದರೆ ಡ್ರಮ್ಮಿಗೆ ಬಿಗಿಯಾಗುವುದು ಅದು. ಸ್ಪೇಸರ್ ಮರೆತರೆ ನಟ್ ಬಿಗಿಸಿದ ಕೂಡಲೇ ಬೇರಿಂಗ್ ಜಾಮ್ ಆಗುತ್ತದೆ. ಪಿನ್ ಹೊಸತು ಹಾಕಿ. ಚಪ್ಪಟೆ ಬಡಿದ ಬಗೆಯದ್ದಾದರೆ ನಟ್ಟೇ ಹೊಸತಾಗಲಿ.

ಹೊಸ ಕಾರುಗಳಲ್ಲಿ ಎಷ್ಟೋ ಕಡೆ ಹಬ್ ಮತ್ತು ಬೇರಿಂಗ್ ಒಂದೇ ಗಂಟಾಗಿ ಬರುತ್ತದೆ. ಬೋಲ್ಟ್ ಬಿಚ್ಚಿ ಇಡಿಯಾಗಿ ಬದಲಿಸುವುದು. ಎಬಿಎಸ್ ಇದ್ದರೆ ಕೆಲವು ಬೇರಿಂಗುಗಳ ಒಂದು ಮುಖದಲ್ಲಿ ಕಾಂತದ ಪಟ್ಟಿ ಇರುತ್ತದೆ. ಅದು ಸೆನ್ಸರಿನ ಕಡೆಗೇ ಇರಬೇಕು. ಉಲ್ಟಾ ಹಾಕಿದರೆ ಬೇರಿಂಗ್ ಚೆನ್ನಾಗಿಯೇ ತಿರುಗುತ್ತದೆ, ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ಮಾತ್ರ ಆರುವುದಿಲ್ಲ.

ಓಡಿಸಿ ನೋಡಿ

ಮೊದಲು ಮನೆ ಅಂಗಳದಲ್ಲೇ ನಾಲ್ಕು ಸಲ ಬ್ರೇಕ್ ಹಿಡಿದು ನೋಡಿ, ಆಮೇಲೆ ರಸ್ತೆಗೆ. ಮೊದಲ ದಿನ ಘಾಟಿ ಬೇಡ, ಮೂಟೆ ಬೇಡ. ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ ಎರಡೂ ಕಡೆ ಬಿಸಿ ಹೋಲಿಸಿ. ನೂರು ಕಿಲೋಮೀಟರ್ ಒಳಗೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಎಳೆಯಿರಿ. ಒಂದು ವಾರ ಬಿಟ್ಟು ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಬಗ್ಗಿ ಹಿಂದಿನ ಚಕ್ರದ ಒಳಬದಿಗೆ ಟಾರ್ಚ್ ಬಿಡಿ. ಒಣಗಿದ್ದರೆ ನೀವು ಗೆದ್ದಿರಿ. ಹೊಸದಾಗಿ ಎಣ್ಣೆ ಇಳಿದ ಗುರುತು ಕಂಡರೆ ಸೀಲ್ ಓರೆಯಾಗಿ ಕೂತಿದೆ ಅಥವಾ ಶಾಫ್ಟ್ ತೂರಿಸುವಾಗ ತುಟಿ ಹರಿದಿದೆ. ಮತ್ತೆ ಟಾರ್ಪಾಲ್ ಹಾಸಿ. ಈ ಸಲ ಪ್ರೆಸ್ಸಿನ ಕೆಲಸ ಇಲ್ಲ, ಮಧ್ಯಾಹ್ನದೊಳಗೆ ಮುಗಿಯುತ್ತದೆ.